ರಾತ್ರಿ ದೀಪಕ್ಕೆ ಬಂದ ಈ ದೊಡ್ಡ ಪತಂಗ ವಿಷದ್ದೇ? ಸಕ್ಕರೆ ನೀರು ಇಟ್ಟರೂ ಯಾಕೆ ಕುಡಿಯುತ್ತಿಲ್ಲ?

ಇಟ್ಟಿಗೆಗೆಂಪು ಮೈಬಣ್ಣ, ನಾಲ್ಕೂ ರೆಕ್ಕೆಗಳಲ್ಲಿ ಆಚೆಯದು ಕಾಣಿಸುವ ತ್ರಿಕೋನ, ಮುಂದಿನ ರೆಕ್ಕೆಯ ತುದಿಯಲ್ಲಿ ಹಾವಿನ ತಲೆ ಎಂದು ನೀವು ಬರೆದಿದ್ದೀರಿ. ಅಷ್ಟು ಸಾಕು, ಇದು ಅಟ್ಲಾಸ್ ಪತಂಗ. ಮಲೆನಾಡು, ಕೊಡಗಿನ ಕಡೆ ಸಿಗುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾದ 'ಅಟ್ಟಾಕಸ್ ಟಾಪ್ರೊಬಾನಿಸ್'. ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯಾದವರೆಗೆ ಇರುವ 'ಅಟ್ಟಾಕಸ್ ಅಟ್ಲಾಸ್' ಇದರ ದಾಯಾದಿ. ಪೇಪರಿನವರು ಪ್ರತಿ ಮಳೆಗಾಲದಲ್ಲೂ 'ಜಗತ್ತಿನ ಅತಿ ದೊಡ್ಡ ಪತಂಗ ಪತ್ತೆ' ಅಂತ ಹಾಕುತ್ತಾರೆ, ನಂಬಬೇಡಿ. ರೆಕ್ಕೆಯ ಉದ್ದದಲ್ಲಿ ದಕ್ಷಿಣ ಅಮೆರಿಕದ ವೈಟ್ ವಿಚ್, ವಿಸ್ತೀರ್ಣದಲ್ಲಿ ಆಸ್ಟ್ರೇಲಿಯಾ, ನ್ಯೂಗಿನಿಯ ಹರ್ಕ್ಯುಲಿಸ್ ಪತಂಗ ಇದಕ್ಕಿಂತ ಮುಂದೆ.

ವಿಷ ಇಲ್ಲ, ಕಚ್ಚುವುದಿಲ್ಲ. ಕಚ್ಚಲು ಬಾಯಿಯೇ ಇಲ್ಲ. ಹೂವಿನ ರಸ ಹೀರುವ ಕೊಳವೆ ಇದರಲ್ಲಿ ಕೆಲಸಕ್ಕೆ ಬಾರದಷ್ಟು ಕುಗ್ಗಿಹೋಗಿದೆ. ಹಾಗಾಗಿ ಸಕ್ಕರೆ ನೀರು, ಜೇನು, ಬಾಳೆಹಣ್ಣು ಏನಿಟ್ಟರೂ ಉಪಯೋಗವಿಲ್ಲ, ಇರುವೆ ಬರುತ್ತವೆ ಅಷ್ಟೇ. ಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕುತ್ತದೆ. ಹಗಲು ಕದಲದೆ ಕೂರುವುದೂ ಅದಕ್ಕೇ, ಹುಷಾರಿಲ್ಲ ಅಂದುಕೊಳ್ಳಬೇಡಿ. ಕೆಣಕಿದರೆ ಕೆಳಕ್ಕೆ ಬಿದ್ದು ರೆಕ್ಕೆಯನ್ನು ನಿಧಾನವಾಗಿ ಆಡಿಸುತ್ತದೆ, ಆಗ ತುದಿ ನಿಜಕ್ಕೂ ಹಾವಿನ ತಲೆ ಹೊರಳಿದ ಹಾಗೆ ಕಾಣುತ್ತದೆ.

ಗಂಡೋ ಹೆಣ್ಣೋ ತಿಳಿಯಲು ಕುಡಿಮೀಸೆ ನೋಡಿ. ಅಗಲವಾಗಿ ಗರಿಯಂತಿದ್ದರೆ ಗಂಡು, ಸಪೂರವಾಗಿದ್ದು ಹೊಟ್ಟೆ ದಪ್ಪಗಿದ್ದರೆ ಹೆಣ್ಣು. ಹೆಣ್ಣು ಹೆಚ್ಚು ಹಾರುವುದಿಲ್ಲ. ಹೊಟ್ಟೆಯ ತುದಿಯಿಂದ ವಾಸನೆ ಬಿಡುತ್ತಾ ಕೂರುತ್ತದೆ, ಗಂಡು ಅದನ್ನು ಹಿಡಿದು ದೂರದಿಂದ ಬರುತ್ತದೆ.

ಈಗ ನೀವು ಮಾಡಬೇಕಾದ್ದು. ರೆಕ್ಕೆ ಹಿಡಿದು ಎತ್ತಬೇಡಿ, ಡಬ್ಬಿಯಲ್ಲಿ ಮುಚ್ಚಿಡಬೇಡಿ. ಒಳಗೆ ಬಡಿದುಕೊಂಡು ರೆಕ್ಕೆ ಹರಿದುಕೊಳ್ಳುತ್ತದೆ. ಒರಟಾದ ಕಡ್ಡಿಯೊಂದನ್ನು ಮುಂಗಾಲಿನ ಎದುರಿಗೆ ಹಿಡಿದು ಹಿಂದಿನಿಂದ ಮೆಲ್ಲಗೆ ಮುಟ್ಟಿದರೆ ತಾನೇ ಹತ್ತುತ್ತದೆ. ಪ್ಲಾಸ್ಟಿಕ್, ಸ್ಟೀಲ್ ಕಡ್ಡಿ ಬೇಡ, ಕಾಲಿಗೆ ಹಿಡಿತ ಸಿಗುವುದಿಲ್ಲ. ಕತ್ತಲಾಗುವ ಮುಂಚೆ ಹತ್ತಿರದ ಮರದ ನೆರಳಿಗೆ ಬಿಡಿ. ಕಾಗೆಯೋ ಇರುವೆಯೋ ಕಾಟ ಕೊಡುತ್ತಿದ್ದರೆ ಮಾತ್ರ ಈಗಲೇ. ಆಮೇಲೆ ವರಾಂಡದ ಲೈಟ್ ಆರಿಸದಿದ್ದರೆ ರಾತ್ರಿ ಮತ್ತೆ ಅಲ್ಲಿಗೇ ಬರುತ್ತದೆ. ಬಹಳ ಜನ ಇದನ್ನು ಮರೆಯುತ್ತಾರೆ.

ಗೋಡೆಯ ಮೇಲೆ ಮೊಟ್ಟೆ ಇಟ್ಟಿದೆಯೇ ನೋಡಿ. ಸುಮಾರು ಎರಡೂವರೆ ಮಿಲಿಮೀಟರ್ ಗಾತ್ರದ ಗುಂಡು ಮೊಟ್ಟೆಗಳು, ಅಂಟಿಕೊಂಡಿರುತ್ತವೆ. ಗಂಡು ಸಿಗದಿದ್ದರೂ ಹೆಣ್ಣು ಮೊಟ್ಟೆ ಇಡುವುದುಂಟು. ಅವು ಕೆಲವೇ ದಿನಗಳಲ್ಲಿ ಕುಸಿದು ತಗ್ಗು ಬೀಳುತ್ತವೆ. ಗುಂಡಗೇ ಉಳಿದರೆ ತೆಳು ಕಾಗದದಿಂದ ಮೆಲ್ಲಗೆ ಬಿಡಿಸಿ, ಆ ಕಾಗದವನ್ನೇ ಮಡಚಿ ಪೇರಲೆ ಅಥವಾ ದಾಲ್ಚಿನ್ನಿಯ ಕೊಂಬೆಗೆ ಕ್ಲಿಪ್ ಹಾಕಿ. ಗೋಡೆಯಲ್ಲೇ ಒಡೆದರೆ ಮರಿಗಳು ಎಲೆ ಸಿಗದೆ ಸಾಯುತ್ತವೆ. ಹುಳು ತಿಳಿಹಸಿರು, ಮೈಮೇಲೆ ಬಿಳಿ ಮೇಣದ ಪುಡಿ, ಬೆಳೆದಾಗ ಹತ್ತು ಸೆಂಟಿಮೀಟರಿನಷ್ಟು ಉದ್ದ. ಮೈಮೇಲಿನ ಮೃದುವಾದ ಮುಳ್ಳು ಕಂಬಳಿಹುಳುವಿನಂತೆ ತುರಿಸುವುದಿಲ್ಲ. ನಾಲ್ಕಾರು ಹುಳು ತಿಂದರೆ ಮರಕ್ಕೇನೂ ಆಗದು, ದಯವಿಟ್ಟು ಔಷಧಿ ಹೊಡೆಯಬೇಡಿ.

ಮುಂದೆಂದಾದರೂ ಎಲೆಯಲ್ಲಿ ಸುತ್ತಿದ ಕಂದು ಗೂಡು ಕಂಡರೆ ಕಿತ್ತು ಡಬ್ಬಿಗೆ ಹಾಕಬೇಡಿ. ಹೊರಬಂದ ಪತಂಗ ಎಲ್ಲಾದರೂ ಹತ್ತಿ ಜೋತುಬಿದ್ದರೆ ಮಾತ್ರ ರೆಕ್ಕೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ನುಣುಪಾದ ಡಬ್ಬಿಯ ತಳದಲ್ಲಿ ಬಿದ್ದರೆ ಮುದುರಿದ ರೆಕ್ಕೆ ಹಾಗೆಯೇ ಗಟ್ಟಿಯಾಗುತ್ತದೆ, ಆಮೇಲೆ ಸರಿಮಾಡಲು ದಾರಿಯಿಲ್ಲ.