ಮಲೆನಾಡಿನ ಮಲಗುವ ಕೋಣೆಗೆ ಎಂಥ ಬ್ಲೈಂಡ್ಸ್?

ಪ್ರಶ್ನೆ: ಶಿವಮೊಗ್ಗದ ಹೊರವಲಯದಲ್ಲಿ ಹೊಸ ಮನೆ ಕಟ್ಟಿಸಿ, ಯುಗಾದಿ ಕಳೆದ ಮೇಲೆ ವಾಸಕ್ಕೆ ಬಂದಿದ್ದೇವೆ. ನಮ್ಮ ಮಲಗುವ ಕೋಣೆಯ ಕಿಟಕಿ ಪಶ್ಚಿಮಕ್ಕಿದೆ. ನಮ್ಮ ಯಜಮಾನರು ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವುದರಿಂದ ಕೋಣೆ ಕತ್ತಲೆಯಾಗಿರಬೇಕು. ಅತ್ತೆ-ಮಾವನವರ ಕೋಣೆಯ ಕಿಟಕಿ ನೇರವಾಗಿ ರಸ್ತೆಗಿದೆ. ಮೂರನೆಯ ಕೋಣೆ ಮೂರು ವರ್ಷದ ಮಗಳಿಗೆಂದು ಇಟ್ಟದ್ದು. ಮೊದಲಿದ್ದ ಬಾಡಿಗೆ ಮನೆಯಲ್ಲಿ ದಪ್ಪ ಹತ್ತಿಯ ಪರದೆಗಳು ಪ್ರತಿ ಮಳೆಗಾಲದಲ್ಲೂ ಬೂಷ್ಟು ಹಿಡಿಯುತ್ತಿದ್ದವು; ಆದ್ದರಿಂದ ಈ ಸಲ ಬ್ಲೈಂಡ್ಸ್ ಹಾಕಿಸುವ ಯೋಚನೆಯಿದೆ. ಅಂಗಡಿಯಲ್ಲಿ ರೋಲರ್, ಜೀಬ್ರಾ, ವೆನೀಷಿಯನ್, ರೋಮನ್, ಬಿದಿರು ಎಂದು ಹಲವು ಬಗೆ ತೋರಿಸಿ, ಮೂರೂ ಕೋಣೆಗೆ ಒಂದೇ ಬಗೆಯದು ಹಾಕಿಸಿದರೆ ಚೆಂದವೆಂದರು. ನಿಮ್ಮ ಸಲಹೆಯೇನು?
— ಓದುಗರು, ಶಿವಮೊಗ್ಗ

ಉತ್ತರ: ಮೂರು ಕೋಣೆಗಳ ಅಗತ್ಯ ಮೂರು ಬಗೆಯಾಗಿರುವಾಗ ಒಂದೇ ಬಗೆಯ ಬ್ಲೈಂಡ್ಸ್ ಹಾಕಿಸಬೇಕಾಗಿಲ್ಲ, ಬಣ್ಣ ಒಂದೇ ಇದ್ದರೆ ಹೊಂದಿಕೆ ತಾನಾಗಿ ಬರುತ್ತದೆ. ಆದರೆ ಬಗೆಯನ್ನು ಆರಿಸುವ ಮೊದಲು ನಿಮ್ಮ ಕಿಟಕಿಗಳು ಹೇಗೆ ತೆರೆಯುತ್ತವೆಂಬುದನ್ನು ನೋಡಿಕೊಳ್ಳಿ. ನಮ್ಮ ಕಡೆಯ ಮರದ ಕಿಟಕಿಗಳಲ್ಲಿ ಗಾಜಿನ ಬಾಗಿಲು ಹೊರಕ್ಕೂ ಸೊಳ್ಳೆ ಜಾಲರಿಯ ಬಾಗಿಲು ಒಳಕ್ಕೂ ತೆರೆದುಕೊಳ್ಳುವುದು, ನಡುವೆ ಸರಳುಗಳಿರುವುದು ಸಾಮಾನ್ಯ. ಅಂಗಡಿಯ ಪುಸ್ತಕದಲ್ಲಿರುವ ಚಿತ್ರಗಳಂತೆ ಕಿಟಕಿಯ ಗೂಡಿನೊಳಗೇ ಬ್ಲೈಂಡ್ಸ್ ಕೂರಿಸಿದರೆ, ಗಾಜು ಮುಚ್ಚಲು ಜಾಲರಿ ತೆರೆಯುವಾಗಲೆಲ್ಲ ಅದರ ಮೇಲಂಚು ಸುರುಳಿಗೆ ತಗಲುತ್ತದೆ. ಇದ್ದಕ್ಕಿದ್ದಂತೆ ಮಳೆ ಸುರಿದು, ಓಡಿಬಂದು ಕಿಟಕಿ ಹಾಕಬೇಕಾದ ನಮ್ಮ ಊರುಗಳಲ್ಲಿ ಇದು ಸಣ್ಣ ತೊಂದರೆಯಲ್ಲ. ಆದ್ದರಿಂದ ನಿಮ್ಮದು ಇಂಥ ಕಿಟಕಿಯಾಗಿದ್ದರೆ ಬ್ಲೈಂಡ್ಸನ್ನು ಚೌಕಟ್ಟಿನ ಮೇಲಿನ ಗೋಡೆಗೆ, ಪೂರ್ತಿ ಮೇಲೆತ್ತಿದಾಗ ಜಾಲರಿಯ ಬಾಗಿಲು ಅದರ ಕೆಳಗಿನಿಂದ ಸಲೀಸಾಗಿ ಹಾಯುವಷ್ಟು ಎತ್ತರದಲ್ಲಿ ಕೂರಿಸಬೇಕು. ಬಟ್ಟೆ ಮೇಲಿನ ಕೊಳವೆಗೆ ಸುತ್ತಿಕೊಳ್ಳುವ ರೋಲರ್ ಆದರೆ ಸುಮಾರು 4 ಇಂಚು ಸಾಕಾಗಬಹುದು. ಅಡ್ಡಪಟ್ಟಿಗಳನ್ನು ಪೋಣಿಸಿದ ವೆನೀಷಿಯನ್‌ನಲ್ಲಿ ಮೇಲೆ ಸೇರಿದ ಪಟ್ಟಿಗಳ ಕಟ್ಟು ಇನ್ನೂ ದಪ್ಪವಾಗಿರುವುದರಿಂದ ಅದನ್ನು ಅಳೆದೇ ನಿರ್ಧರಿಸಬೇಕು. ಜಾರುವ ಕಿಟಕಿಗಳಾದರೆ ಈ ಚಿಂತೆಯಿಲ್ಲ.

ಇನ್ನು ಬೂಷ್ಟಿನ ವಿಚಾರ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆಯಾಗುತ್ತದೆ. ಶಿವಮೊಗ್ಗ ನಗರಕ್ಕೆ ಅದರ ಕಾಲುಭಾಗವೂ ಇಲ್ಲ. ಆದರೂ ಆರಿದ್ರಾದಿಂದ ಆಶ್ಲೇಷದವರೆಗೆ, ಮಳೆ ಬೀಳದ ದಿನವೂ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಕೋಣೆಯ ತೇವಾಂಶ ಶೇ. 70ಕ್ಕಿಂತ ಮೇಲೆಯೇ ದಿನಗಟ್ಟಲೆ ನಿಂತರೆ, ಆಹಾರವಾಗಬಲ್ಲ ಯಾವ ವಸ್ತುವಿನ ಮೇಲೂ ಬೂಷ್ಟು ಬೆಳೆಯಬಹುದು. ಹತ್ತಿ, ಸೆಣಬು, ಬಿದಿರು, ಮರ ಇವೆಲ್ಲ ತೇವ ಹೀರಿ ಹಿಡಿದಿಟ್ಟುಕೊಳ್ಳುವ ವಸ್ತುಗಳು. ಪಾಲಿಯೆಸ್ಟರ್ ಬಹಳ ಕಡಿಮೆ ಹೀರುತ್ತದೆ, ಅಲ್ಯೂಮಿನಿಯಂ ಹೀರುವುದೇ ಇಲ್ಲ. ಆದರೆ ಇವುಗಳ ಮೇಲೆ ಕೂತ ಧೂಳು ಬೂಷ್ಟಿಗೆ ಸಾಕಷ್ಟು ಆಹಾರವಾಗುತ್ತದೆಯಾದ್ದರಿಂದ, ಒರೆಸದೆ ಬಿಟ್ಟರೆ ಯಾವ ವಸ್ತುವೂ ನಿಮ್ಮನ್ನು ಕಾಪಾಡದು. ಮಡಿಕೆ ಮಡಿಕೆಯಾಗಿ ಸೇರುವ ರೋಮನ್ ಬ್ಲೈಂಡ್ಸ್ ನೋಡಲು ಬಹಳ ಚೆಂದ. ಆದರೆ ಅದರ ಬಟ್ಟೆ ಸಾಮಾನ್ಯವಾಗಿ ಹತ್ತಿಯದು ಅಥವಾ ಹತ್ತಿ ಬೆರೆತದ್ದು, ಮಡಿಕೆಗಳ ಒಳಗೆ ಗಾಳಿಯೂ ಆಡುವುದಿಲ್ಲ. ನಮ್ಮ ಹವೆಗೆ ಅದನ್ನು ನಾನು ಸೂಚಿಸಲಾರೆ.

ಯಾವ ಬಗೆಯದನ್ನು ಹಾಕಿಸಿದರೂ ದಿನಕ್ಕೊಮ್ಮೆಯಾದರೂ ಪೂರ್ತಿ ಮೇಲೆತ್ತಿ, ಮಳೆ ಬಿಟ್ಟ ಹೊತ್ತು ನೋಡಿ ಕಿಟಕಿ ತೆರೆದಿಡಿ. ಗಾಜಿಗೂ ಬ್ಲೈಂಡ್ಸಿಗೂ ನಡುವೆ ಸಿಕ್ಕಿಕೊಂಡ ಗಾಳಿಯೇ ಹೆಚ್ಚು ಹಾಳುಮಾಡುವುದು. ಎದುರಿನಿಂದ ನೋಡಿದರೆ ಶುಭ್ರವಾಗಿ ಕಾಣುವ ಬಟ್ಟೆಯ ಹಿಂಬದಿಯಲ್ಲಿ ಶ್ರಾವಣದ ಹೊತ್ತಿಗೆ ಕಪ್ಪು ಚುಕ್ಕೆ ಮೂಡಿರುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಸಂಜೆಯ ಎರಚಲಿಗೆ ಬಟ್ಟೆ ನೆನೆದರೆ ಹಾಗೆಯೇ ಸುತ್ತಿಡಬೇಡಿ; ಇಳಿಬಿಟ್ಟು, ಫ್ಯಾನ್ ಹಾಕಿ, ಒಣಗಿದ ಮೇಲೆಯೇ ಸುತ್ತಿ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ ಎಂದು ಕೂರಿಸುವವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ತುಕ್ಕಿನ ನೀರು ಹೊಸ ಸುಣ್ಣದ ಗೋಡೆಯ ಮೇಲೆ ಇಳಿಯುತ್ತದೆ.

ನಿಮ್ಮ ಪಶ್ಚಿಮದ ಕೋಣೆಗೆ ಪಾಲಿಯೆಸ್ಟರಿನ ಬ್ಲ್ಯಾಕ್‌ಔಟ್ ರೋಲರ್ ಸರಿಯಾದ ಆಯ್ಕೆ. ಇದರ ಬಟ್ಟೆಗೆ ಬೆಳಕು ದಾಟದಂಥ ಲೇಪವಿರುತ್ತದೆ. ಗಾಜಿನ ಕಡೆಗೆ ಬರುವ ಮೈ ಬಿಳಿಯದಾಗಿರಲಿ, ಅದು ಬಿಸಿಲನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಆದರೆ ಬಟ್ಟೆ ಎಷ್ಟೇ ದಪ್ಪವಿರಲಿ, ಬೆಳಕು ನುಗ್ಗುವುದು ಅಂಚುಗಳಿಂದ. ಗೂಡಿನೊಳಗೆ ಕೂರಿಸಿದ ರೋಲರಿನಲ್ಲಿ ಹಿಡಿಕೆಗಳ ಜಾಗಕ್ಕಾಗಿ ಎರಡೂ ಬದಿಗೆ ಸಂದು ಉಳಿದೇ ಉಳಿಯುತ್ತದೆ, ಹಗಲು ಮಲಗುವವರ ಕಣ್ಣಿಗೆ ಆ ಎರಡು ಬೆಳಕಿನ ಗೆರೆಗಳೇ ಸಾಕು. ಗೂಡಿನ ಹೊರಗೆ, ಕೋಣೆಯ ಗೋಡೆಗೇ ಕೂರಿಸಿ, ಎರಡೂ ಬದಿಗೆ 3ರಿಂದ 4 ಇಂಚು, ಕೆಳಗೂ ಅಷ್ಟೇ ಹೆಚ್ಚು ಬಟ್ಟೆ ಬರುವಂತೆ ಅಳತೆ ಕೊಡಿ.

ಸೆಕೆಯ ಬಗ್ಗೆ ಮಾತ್ರ ಹೆಚ್ಚಿನ ನಿರೀಕ್ಷೆ ಬೇಡ. ಏಪ್ರಿಲ್‌ನಲ್ಲಿ ಸಂಜೆ 5 ಗಂಟೆಗೆ ನಮ್ಮ ಊರಿನಲ್ಲಿ ಸೂರ್ಯ ದಿಗಂತದಿಂದ 20-25 ಡಿಗ್ರಿ ಮೇಲಷ್ಟೇ ಇರುವುದರಿಂದ ಎರಡಡಿಯ ಸಜ್ಜಾ ಆ ಬಿಸಿಲನ್ನು ತಡೆಯಲಾರದು; ಗಾಜು ದಾಟಿ ಒಳಬಂದ ಕಾವನ್ನು ಒಳಗಿನ ಬ್ಲೈಂಡ್ಸ್ ಅಲ್ಪಸ್ವಲ್ಪ ಮಾತ್ರ ಹಿಂದಕ್ಕೆ ಕಳಿಸಬಲ್ಲದು. ಕಿಟಕಿಯ ಹೊರಗೇ ನೆರಳಾದರೆ ಫಲ ಹೆಚ್ಚು. ಜಾಗವಿದ್ದರೆ ಆ ಬದಿಗೊಂದು ಚಪ್ಪರ ಹಾಕಿ ಬಳ್ಳಿ ಹಬ್ಬಿಸಿ.

ಅತ್ತೆ-ಮಾವನವರ ಕೋಣೆಗೆ ಅಲ್ಯೂಮಿನಿಯಂ ವೆನೀಷಿಯನ್ ಒಳ್ಳೆಯದು. ಹಿರಿಯರಿಗೆ ಹಗಲಿಡೀ ಬೆಳಕು, ಗಾಳಿ ಬೇಕು, ರಸ್ತೆಯಲ್ಲಿ ಹೋಗುವವರ ನೋಟ ಬೇಡ. ಪಟ್ಟಿಗಳ ಓರೆಯನ್ನು ಕಡ್ಡಿಯೊಂದನ್ನು ತಿರುಗಿಸಿ ಬದಲಿಸಿಕೊಳ್ಳಬಹುದಾದ್ದರಿಂದ ಎರಡೂ ಸಾಧ್ಯ, ಕೈಗೂ ಶ್ರಮವಿಲ್ಲ. ದಪ್ಪ ಬಟ್ಟೆಯ ಪಟ್ಟಿ, ತೆಳು ಬಟ್ಟೆಯ ಪಟ್ಟಿ ಒಂದಾದ ಮೇಲೊಂದು ಬರುವ ಜೀಬ್ರಾದಲ್ಲಿಯೂ ಇದನ್ನೇ ಹೇಳಿ ಮಾರುತ್ತಾರೆ. ಆದರೆ ಅದರ ತೆಳುಪಟ್ಟಿಗಳು ಹಗಲಿನಲ್ಲಿ ಮರೆಯೆನಿಸಿದರೂ ರಾತ್ರಿ ಒಳಗೆ ದೀಪ ಹಚ್ಚಿದೊಡನೆ ಹೊರಗಿನವರಿಗೆ ನೆರಳುಗಳು ಕಾಣುತ್ತವೆ. ಅಂಗಡಿಯಲ್ಲಿ ತುಂಡು ಬಟ್ಟೆ ಕೇಳಿ ಪಡೆದು, ರಾತ್ರಿ ದೀಪ ಹಚ್ಚಿ, ಅಂಗಳಕ್ಕಿಳಿದು ನೋಡಿದರೆ ನಿಮಗೇ ತಿಳಿಯುತ್ತದೆ. ರಸ್ತೆಯ ಧೂಳು ಪಟ್ಟಿಗಳ ಮೇಲೆ ಕೂರುವುದು ನಿಜ. ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸುವ ಕೆಲಸ ಹೆಚ್ಚುತ್ತದೆ.

ಮಗಳ ಕೋಣೆಯ ವಿಷಯವನ್ನು ದಯವಿಟ್ಟು ಗಮನವಿಟ್ಟು ಓದಿ. ಬ್ಲೈಂಡ್ಸಿನ ಇಳಿಬಿದ್ದ ದಾರ ಅಥವಾ ಮಣಿಸರಪಳಿಯ ಕುಣಿಕೆ ಚಿಕ್ಕ ಮಕ್ಕಳ ಕುತ್ತಿಗೆಗೆ ಸಿಕ್ಕಿ ಪ್ರಾಣ ಹೋದ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ; ಸದ್ದೇ ಆಗದೆ, ಕೆಲವೇ ನಿಮಿಷಗಳಲ್ಲಿ ಅನಾಹುತವಾಗಿಬಿಡುತ್ತದೆ. ಅಮೆರಿಕದಲ್ಲಿ 2018ರ ಕೊನೆಯಿಂದ, ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಲೈಂಡ್ಸ್ ದಾರವಿಲ್ಲದ್ದಾಗಿರಬೇಕು ಅಥವಾ ದಾರ ಮಕ್ಕಳ ಕೈಗೆ ಸಿಗದಂತಿರಬೇಕು ಎಂಬ ಮಾನದಂಡ ಜಾರಿಯಲ್ಲಿದೆ. ಇಲ್ಲಿ ನಾವೇ ಕೇಳಿ ಪಡೆಯಬೇಕು. ಕೆಳಪಟ್ಟಿಯನ್ನು ಹಿಡಿದು ಎಳೆದರೆ ಇಳಿಯುವ, ಎತ್ತಿದರೆ ಏರುವ ಸ್ಪ್ರಿಂಗ್ ರೋಲರನ್ನೇ ಹಾಕಿಸಿ. ಮಗು ಎಲ್ಲ ಕೋಣೆಗಳಲ್ಲೂ ಓಡಾಡುವುದರಿಂದ, ಉಳಿದ ಕೋಣೆಗಳ ದಾರಗಳನ್ನು ನೆಲದಿಂದ 150 ಸೆಂಟಿಮೀಟರ್‌ಗಿಂತ ಮೇಲೆ ಗೋಡೆಗೆ ಕೊಕ್ಕೆ ಹೊಡೆದು ಬಿಗಿಯಾಗಿ ಸುತ್ತಿಡಿ, ಸರಪಳಿಯಿದ್ದರೆ ಅದು ಜೋಲದಂತೆ ಗೋಡೆಗೆ ಬಿಗಿಹಿಡಿಯುವ ಹಿಡಿಕೆ ಹಾಕಿಸಿ. ಮಂಚ, ಕುರ್ಚಿ, ಏರಿ ನಿಲ್ಲಬಹುದಾದ ಪೆಟ್ಟಿಗೆ ಯಾವುದೂ ಕಿಟಕಿಯ ಬಳಿ ಇರದಿರಲಿ.

ಪ್ರಶ್ನೆ: ನಮ್ಮದು ಮಣ್ಣಿನ ಗೋಡೆಯ ಹಳೆಯ ಹೆಂಚಿನ ಮನೆ, ಕಿಟಕಿಗಳಿಗೆ ಗಾಜಿಲ್ಲ, ಗಟ್ಟಿ ಮರದ ಬಾಗಿಲುಗಳಿವೆ. ಬೆಂಗಳೂರಿನಲ್ಲಿರುವ ಮಗ ಮಲಗುವ ಕೋಣೆಗಳಿಗೆ ಬಿದಿರಿನ ಬ್ಲೈಂಡ್ಸ್ ಹಾಕಿಸೋಣವೆನ್ನುತ್ತಾನೆ. ಬಾಳಿಕೆ ಬರುತ್ತದೆಯೇ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆ ಮರದ ಬಾಗಿಲುಗಳನ್ನು ಮುಚ್ಚಿದರೆ ಸಿಗುವ ಕತ್ತಲೆಯನ್ನು ಯಾವ ಬ್ಲ್ಯಾಕ್‌ಔಟ್ ಬಟ್ಟೆಯೂ ಕೊಡಲಾರದು. ಹಗಲಿನ ಮರೆಗಾಗಿ ಕಿಟಕಿಯ ಕೆಳಗಿನ ಅರ್ಧಕ್ಕೆ, ವಾರವಾರವೂ ಒಗೆಯಬಹುದಾದ ತೆಳುಬಟ್ಟೆಯ ಪರದೆ ಕಟ್ಟಿದರೆ ಸಾಕು. ಅದರ ಕಂಬಿಯನ್ನು ಮರದ ಚೌಕಟ್ಟಿಗೇ ಹೊಡೆಸಿ, ಮಣ್ಣಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಬಿದಿರಿನದನ್ನು ಮಗನ ಆಸೆಯಂತೆ ಅವಶ್ಯ ಹಾಕಿಸಿ, ಆದರೆ ಜಗಲಿಗೆ. ಅಲ್ಲಿ ಗಾಳಿಯಾಡುವುದರಿಂದ ಬೇಗ ಒಣಗುತ್ತದೆ, ಬೇಸಿಗೆಯ ಬಿಸಿಲಿಗೂ ತಡೆಯಾಗುತ್ತದೆ. ಬಿದಿರಿನ ಒಳಗಿನ ಪಿಷ್ಟವೇ ಕುಟ್ಟೆ ಹುಳುವಿಗೆ ಆಹಾರವಾದ್ದರಿಂದ, ನೀರಿನಲ್ಲಿ ನೆನೆಹಾಕಿ ಹದಮಾಡಿದ ಬಿದಿರೇ ಎಂದು ಮೊದಲೇ ವಿಚಾರಿಸಿ ಕೊಳ್ಳಿ. ಮೃಗಶಿರಾ ಮಳೆ ಹಿಡಿಯುವ ಮೊದಲು ಕೆಳಗಿಳಿಸಿ, ಬಿಸಿಲಿಗೆ ಒಣಗಿಸಿ, ಒಲೆಯ ಹೊಗೆ ತಾಗುವ ಅಟ್ಟದ ಮೇಲೆ ಸುತ್ತಿಟ್ಟು, ದೀಪಾವಳಿಯ ಹೊತ್ತಿಗೆ ಮತ್ತೆ ಇಳಿಬಿಡಿ.