ಗುಲಾಬಿ ಬುಡದ ಗುಂಡಿ: ಒಂದು ಆಪ್ತಸಲಹೆ ಪ್ರಕರಣ

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಹೆಸರುಗಳನ್ನೂ ಕೆಲವು ವಿವರಗಳನ್ನೂ ಬದಲಾಯಿಸಿದ್ದೇನೆ.)

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತಾ ಹೊರಟುಹೋಗಿ, ಬಯಲುಸೀಮೆಯ ಬಿಸಿಲು ಚುರುಗುಟ್ಟಲು ಶುರುವಾಗಿದ್ದ ದಿನಗಳು. ಸಾಕುನಾಯಿಗಳ ವರ್ತನೆಯ ಬಗ್ಗೆ ಸಲಹೆ ಕೇಳಲು ಬರುವವರು ನಾಯಿಯನ್ನೂ ಕರೆತರುವುದು ರೂಢಿ. ಅಂದು ಬಂದ ಅತ್ತೆ ಸೊಸೆ ಮಾತ್ರ ಮರಿಯನ್ನು ಮನೆಯಲ್ಲೇ ಕಟ್ಟಿಹಾಕಿ ಬಂದಿದ್ದರು. ಅತ್ತೆ ಸರಸಮ್ಮನವರಿಗೆ ಅರವತ್ತನಾಲ್ಕು. ಕುಳಿತ ಕೂಡಲೇ, “ಮೇಡಂ, ಇದನ್ನು ಸಾಕುವವರು ಯಾರಾದರೂ ಇದ್ದರೆ ಹೇಳಿ, ಕೊಟ್ಟುಬಿಡುತ್ತೇವೆ” ಎಂದರು. ಸೊಸೆ ನೆಲ ನೋಡುತ್ತಾ ಕುಳಿತಿದ್ದರು.

ಮರಿಯ ಹೆಸರು ಚುಕ್ಕಿ. ಐದು ತಿಂಗಳ ನಾಡತಳಿಯ ಹೆಣ್ಣುಮರಿ. ಹತ್ತು ವರ್ಷದ ಮೊಮ್ಮಗ ಬೀದಿಯಿಂದ ಎತ್ತಿಕೊಂಡು ಬಂದದ್ದು. ಅದು ಹಿತ್ತಲನ್ನೆಲ್ಲ ಅಗೆದು ಹಾಕಿದೆ ಎಂಬುದು ದೂರು. ಮಾತು ಬೆಳೆದಂತೆ ತಿಳಿಯಿತು, ಎಲ್ಲ ಗುಂಡಿಗಳೂ ಸರಸಮ್ಮನವರಿಗೆ ಒಂದೇ ಅಲ್ಲ. ಅವರ ಪತಿ ತೀರಿಕೊಂಡು ಎರಡು ವರ್ಷವಾಗಿತ್ತು. ಹಿತ್ತಲಿನ ಗುಲಾಬಿ ಸಾಲು ಅವರು ನೆಟ್ಟದ್ದು. ಅದರಲ್ಲಿ ಎರಡು ಗಿಡಗಳ ಬೇರು ಮೇಲೆದ್ದು ಒಣಗಿದ್ದವು. “ನಾಯಿ ಎಂದಮೇಲೆ ಅಗೆಯುತ್ತದೆ, ಸಹಿಸಿಕೊಳ್ಳಿ” ಎಂದು ಹೇಳಿ ಕಳಿಸಬಹುದಾದ ಮನೆ ಇದಾಗಿರಲಿಲ್ಲ.

ಅದುವರೆಗೆ ಏನೇನು ಮಾಡಿದ್ದೀರಿ ಎಂದು ಕೇಳಿದೆ. ಮರಿಯ ಮೂತಿಯನ್ನು ಗುಂಡಿಗೆ ಒತ್ತಿ ಗದರಿಸಿದ್ದರು. ಮಣ್ಣಿನ ಮೇಲೆ ಖಾರದ ಪುಡಿ ಎರಚಿದ್ದರು. ಕೊನೆಗೆ ಬೆಳಗಿನಿಂದ ಸಂಜೆಯವರೆಗೆ ಗೇಟಿನ ಹತ್ತಿರ ಕಟ್ಟಿಹಾಕಲು ಶುರು ಮಾಡಿದ್ದರು. “ಅದಕ್ಕೆ ಗೊತ್ತಿದೆ ಮೇಡಂ. ನಾನು ಹಿತ್ತಲಿಗೆ ಕಾಲಿಟ್ಟರೆ ಸಾಕು, ಕಿವಿ ಮಡಚಿ, ತಪ್ಪು ಮಾಡಿದ ಮುಖ ಮಾಡುತ್ತದೆ” ಎಂದರು ಸರಸಮ್ಮ.

ಈ ‘ತಪ್ಪು ಮಾಡಿದ ಮುಖ’ದ ಬಗ್ಗೆ ನಾನು ಪ್ರತಿ ಮನೆಯಲ್ಲೂ ಮಾತಾಡುತ್ತೇನೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಇದನ್ನೇ ಪರೀಕ್ಷಿಸಿದರು. ತಿನ್ನಬೇಡ ಎಂದ ತಿಂಡಿಯನ್ನು ತಿಂದ ನಾಯಿಯಾಗಲಿ, ಮುಟ್ಟದೆ ಬಿಟ್ಟ ನಾಯಿಯಾಗಲಿ, ಒಡೆಯರು ಗದರಿಸಿದಾಗ ಎರಡೂ ಅದೇ ಮುಖ ಮಾಡಿದವು. ಏನೂ ಮಾಡದೆ ಬೈಸಿಕೊಂಡ ನಾಯಿಗಳಲ್ಲೇ ಅದು ಹೆಚ್ಚು ಎದ್ದು ಕಂಡಿತು. ಆ ಮುಖ ನಮ್ಮ ಕೋಪಕ್ಕೆ ಸಿಗುವ ಉತ್ತರ. ಅರ್ಧ ಗಂಟೆ ಹಿಂದೆ ತೋಡಿದ ಗುಂಡಿಗೂ ಈಗ ಬೀಳುವ ಬೈಗುಳಕ್ಕೂ ಮರಿ ನಂಟು ಹಾಕಲಾರದು. ಅದು ಕಲಿಯುವುದು ಒಂದನ್ನೇ: ಈ ಕೈ ಹತ್ತಿರ ಬಂದರೆ ಹೆದರಬೇಕು. ಖಾರದ ಪುಡಿಯನ್ನು ಅಂದಿನಿಂದಲೇ ನಿಲ್ಲಿಸಿ ಎಂದೆ. ಮನುಷ್ಯನಿಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾದ ಮೂಗು ಅದು. ಆ ಉರಿಯನ್ನು ಊಹಿಸಿಕೊಂಡರೇ ನನಗೆ ಸಂಕಟವಾಗುತ್ತದೆ.

ಮೊದಲ ವಾರ ಬೇರೇನನ್ನೂ ಬದಲಿಸದೆ ಒಂದೇ ಕೆಲಸ ಕೊಟ್ಟೆ. ಮೊಮ್ಮಗ ಹಿತ್ತಲಿನ ನಕ್ಷೆ ಬರೆಯಬೇಕು. ಚುಕ್ಕಿ ಎಲ್ಲಿ ಅಗೆಯಿತು, ಎಷ್ಟು ಹೊತ್ತಿಗೆ, ಆಗ ಮನೆಯಲ್ಲಿ ಯಾರಿದ್ದರು ಎಂಬುದನ್ನು ಗುರುತಿಸಬೇಕು. ಅವನು ಶಾಲೆಗೆ ಹೋದಾಗ ಅಜ್ಜಿ ನೋಡಿ ಹೇಳಬೇಕು. ಅದಕ್ಕಾಗಿ ದಿನಕ್ಕೆ ಕೆಲವು ಗಂಟೆ ಮರಿಯನ್ನು ಬಿಚ್ಚಿಬಿಡಬೇಕು.

ಏಳನೆಯ ದಿನ ಬಂದ ನಕ್ಷೆ ನನ್ನ ಬಳಿ ಇನ್ನೂ ಇದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗುಂಡಿ ಮಧ್ಯಾಹ್ನದ್ದು. ಅಗಲವಾಗಿ, ಆಳವಿಲ್ಲದೆ, ಮರಿ ಹೊಟ್ಟೆಯೂರಿ ಮಲಗುವಷ್ಟು. ನಾಯಿಗೆ ನಮ್ಮಂತೆ ಮೈತುಂಬ ಬೆವರುವುದು ಬಾರದು. ಏದುಸಿರು ಬಿಟ್ಟು ಮೈಯ ಬಿಸಿ ಕಳೆಯುತ್ತದೆ. ಬಿಸಿಲೇರಿದಾಗ ತಂಪು ಮಣ್ಣು ಹುಡುಕಿ, ಕೂದಲು ತೆಳುವಾಗಿರುವ ಹೊಟ್ಟೆಯನ್ನು ಅದಕ್ಕೆ ಒತ್ತಿಕೊಳ್ಳುತ್ತದೆ. ಗೇಟಿನ ಕೆಳಗಿನ ಗುಂಡಿ ಬೆಳಿಗ್ಗೆ ಎಂಟೂವರೆಯ ನಂತರದ್ದು, ಅಂದರೆ ಹುಡುಗ ಶಾಲೆಗೆ ಹೊರಟ ಮೇಲಿನದು. ಅದನ್ನು ನೋಡಿ ಸೊಸೆ ಮೌನವಾದರು.

ಗುಲಾಬಿ ಬುಡದ ಗುಂಡಿಗಳಿಗೆ ಹೊತ್ತಿನ ಲೆಕ್ಕವಿರಲಿಲ್ಲ. ಕಿರಿದಾಗಿ, ಆಳವಾಗಿ, ಏನನ್ನೋ ಹುಡುಕಿದಂತೆ ಇದ್ದವು. “ಅಮ್ಮ, ಗಿಡಕ್ಕೆ ಏನು ಗೊಬ್ಬರ ಹಾಕುತ್ತೀರಿ?” ಎಂದು ಕೇಳಿದೆ.

“ನಮ್ಮವರು ಹಾಕುತ್ತಿದ್ದದ್ದೇ. ಮೂಳೆ ಪುಡಿ, ಹರಳು ಹಿಂಡಿ.”

ನಾನು ಕಾಗದ ಕೆಳಗಿಟ್ಟೆ. ಹರಳಿನಿಂದ ಎಣ್ಣೆ ತೆಗೆದ ಮೇಲೆ ಅದರ ವಿಷ, ರಿಸಿನ್, ಹಿಂಡಿಯಲ್ಲೇ ಉಳಿಯುತ್ತದೆ. ಚೆನ್ನಾಗಿ ಕಾಯಿಸಿದರೆ ಅದು ನಾಶವಾಗುವುದು ನಿಜ, ಆದರೆ ಚೀಲದಲ್ಲಿ ಬಂದ ಹಿಂಡಿಯನ್ನು ಎಷ್ಟು ಕಾಯಿಸಿದ್ದಾರೆಂದು ನಂಬಿ ಕೂರುವಂತಿಲ್ಲ. ಮೂಳೆಯ ವಾಸನೆಗೆ ಮರಿ ಬರುತ್ತದೆ, ಜೊತೆಗೆ ಹಿಂಡಿಯನ್ನೂ ತಿನ್ನುತ್ತದೆ. ವಾಂತಿ, ರಕ್ತಭೇದಿ, ನಿತ್ರಾಣ ಕೆಲವೊಮ್ಮೆ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತವೆ. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಕಳೆದ ತಿಂಗಳು ಚುಕ್ಕಿ ಎರಡು ಬಾರಿ ವಾಂತಿ ಮಾಡಿಕೊಂಡಿತ್ತು, ಹಲ್ಲಿ ತಿಂದಿರಬೇಕು ಎಂದುಕೊಂಡಿದ್ದೆವು ಎಂದು ಸೊಸೆ ಆಗ ಹೇಳಿದರು. ಮಾತು ಅಲ್ಲಿಗೇ ನಿಲ್ಲಿಸಿ, ಮೊದಲು ಪಶುವೈದ್ಯರ ಬಳಿಗೆ ಕಳಿಸಿದೆ. ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಆ ವಾಂತಿಗೆ ಹಿಂಡಿಯೇ ಕಾರಣವೆಂದು ನಾನು ಹೇಳಲಾರೆ. ಆದರೆ ಹಿತ್ತಲಿರುವ, ನಾಯಿ ಸಾಕಿರುವ ಪ್ರತಿ ಮನೆಯವರೂ ಇವತ್ತೇ ಗೊಬ್ಬರದ ಚೀಲ ತೆಗೆದು ನೋಡಲಿ ಎಂದೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಮರುವಾರ ಬಂದ ಸರಸಮ್ಮ ಮರಿಯನ್ನು ಕೊಡುವ ಮಾತೆತ್ತಲಿಲ್ಲ. “ನಾನೇ ವಿಷ ಹಾಕುತ್ತಿದ್ದೆನಲ್ಲ” ಎಂದು ಕಣ್ಣೀರು ಹಾಕಿದರು. ತಿಳಿಯದೆ ಮಾಡಿದ್ದು, ಯಜಮಾನರ ಕೈಯ ಕ್ರಮವನ್ನು ಪ್ರೀತಿಯಿಂದ ಉಳಿಸಿಕೊಂಡಿದ್ದು ಎಂದು ಹೇಳಿ, ಅವರು ಸಮಾಧಾನವಾಗುವ ತನಕ ಕಾದೆ.

ಕೊಟ್ಟ ಸಲಹೆ ಇಷ್ಟು. ಗುಲಾಬಿ ಪಾತಿಯ ಮೇಲ್ಮಣ್ಣನ್ನು ಹಿಂಡಿಯ ಸಮೇತ ತೆಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಬೇಕು. ಅದರ ಮೇಲೆ ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯನ್ನು ಮಟ್ಟಸವಾಗಿ ಹಾಸಿ, ಚೂಪು ತುದಿಗಳನ್ನು ಕೆಳಕ್ಕೆ ಮಡಚಿ, ತೆಳುವಾಗಿ ಮಣ್ಣು ಮುಚ್ಚಬೇಕು. ಗೇಟಿನ ಕೆಳಗೆ ಚಪ್ಪಡಿ ಕಲ್ಲು ಹಾಸಬೇಕು. ಹಗಲೆಲ್ಲ ಕಟ್ಟುವುದನ್ನು ಬಿಟ್ಟು, ಹುಡುಗ ಶಾಲೆಗೆ ಹೊರಡುವ ಮುನ್ನ ಇಪ್ಪತ್ತು ನಿಮಿಷ ಸುತ್ತಾಡಿಸಬೇಕು, ಮೂಸಲು ನಿಂತಲ್ಲಿ ಹಗ್ಗ ಎಳೆಯಬಾರದು. ಮಧ್ಯಾಹ್ನ ಪಡಸಾಲೆಯ ತಂಪು ನೆಲದಲ್ಲಿ ಜಾಗ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಅಗೆಯಲು ಅದಕ್ಕೇ ಒಂದು ಜಾಗ ಬೇಕು. ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಮರಳು ಮಣ್ಣು ಬೆರೆಸಿ ತುಂಬಿ, ಆಟಿಕೆ, ಕ್ಯಾರೆಟ್ ತುಂಡುಗಳನ್ನು ಹೂಳಬೇಕು. ಮೊದಲ ದಿನ ಅರ್ಧ ಕಾಣುವಂತೆ, ಆಮೇಲಾಮೇಲೆ ಆಳಕ್ಕೆ. ಬೇರೆಡೆ ಅಗೆಯುತ್ತಿರುವಾಗಲೇ ಕಂಡರೆ ಕೂಗಾಡದೆ, ಹೆಸರು ಹಿಡಿದು ಕರೆದು, ಇಲ್ಲಿಗೆ ಕರೆತರಬೇಕು. ಇಲ್ಲಿ ಕಾಲು ಹಾಕಿದ ಕ್ಷಣವೇ ಹೊಗಳಬೇಕು.

ಈ ಜಾಗವನ್ನು ಹಿತ್ತಲಿನ ಮೂಲೆಯಲ್ಲಿ ಮಾಡಿಸಿ ನಾನು ತಪ್ಪು ಮಾಡಿದೆ. ಹತ್ತು ದಿನ ಕಳೆದರೂ ಚುಕ್ಕಿ ಅತ್ತ ಸುಳಿಯಲಿಲ್ಲ. ಮನೆಯವರಿಂದ ಅಷ್ಟು ದೂರ ಅದೇಕೆ ಒಂಟಿಯಾಗಿ ಆಡೀತು? ಅಡುಗೆಮನೆಯ ಬಾಗಿಲೆದುರಿನ ಸೀಬೆ ಮರದ ನೆರಳಿಗೆ ಜಾಗ ಬದಲಿಸಿದ ಮೇಲೆ, ಸರಸಮ್ಮ ಅಕ್ಕಿ ಆರಿಸುತ್ತಾ ಹೊಸ್ತಿಲಲ್ಲಿ ಕುಳಿತರೆ ಮರಿ ಮರಳಿಗೆ ಇಳಿಯತೊಡಗಿತು. ಬೆಳಿಗ್ಗೆ ಆಟಿಕೆ ಹೂಳುವ ಕೆಲಸವನ್ನು ಅವರೇ ವಹಿಸಿಕೊಂಡರು.

ಐದು ವಾರಗಳ ನಂತರ ಗುಲಾಬಿ ಸಾಲಿಗೆ ಕಾಟ ನಿಂತಿತ್ತು. ಒಗೆಯುವ ಕಲ್ಲಿನ ಪಕ್ಕದ ಗುಂಡಿ ಮಾತ್ರ ಹಾಗೆಯೇ ಇತ್ತು. ಅದನ್ನು ಅದಕ್ಕೇ ಬಿಟ್ಟುಬಿಡಿ ಎಂದೆ. ಮೊದಲ ಮಳೆ ಬಿದ್ದು ಗೊಣ್ಣೆಹುಳು ಮೇಲೆ ಬಂದಾಗ ಮತ್ತೆ ಕರೆ ಬಂತು, ಕೊತ್ತಂಬರಿ ಮಡಿಯನ್ನು ಚುಕ್ಕಿ ಪೂರ್ತಿ ಕೆದರಿದೆ ಎಂದು. ಏನು ಮಾಡಿದಿರಿ ಎಂದು ಕೇಳಿದೆ. “ಹೆಸರು ಹಿಡಿದು ಕರೆದೆ, ಬಂತು” ಎಂದರು ಸರಸಮ್ಮ. “ಕೊತ್ತಂಬರಿ ಮತ್ತೆ ಬಿತ್ತುತ್ತೇನೆ. ಜಾಲರಿ ಎಷ್ಟು ಅಗಲದ್ದು ತರಿಸಲಿ, ಅದನ್ನು ಹೇಳಿ ಮೇಡಂ.”