ಲಾಟಿ ಮೂನ್ ಯಾರು? ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಗಡದವರ ಕ್ರಿಸ್ಮಸ್ ಕಾಣಿಕೆಗೆ ಅವರ ಹೆಸರು ಯಾಕೆ?

ಲಾಟಿ ಮೂನ್ 1840ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದರು. ಎತ್ತರ ಬರೀ ನಾಲ್ಕೂಕಾಲು ಅಡಿ, ಆದರೆ ಮಾತು ಖಡಕ್. ಅಲ್ಲಿ ಟೀಚರ್ ಆಗಿದ್ದವರು 1873ರಲ್ಲಿ ಮಿಷನರಿಯಾಗಿ ಚೀನಾದ ಶಾಂಡೊಂಗ್ ಪ್ರಾಂತ್ಯಕ್ಕೆ ಹೋದರು.

ಶುರುವಿನಲ್ಲಿ ಕೆಲಸ ಹುಡುಗಿಯರಿಗೆ ಪಾಠ ಹೇಳುವುದು. ಅವರಿಗೆ ಅಷ್ಟರಲ್ಲೇ ಸಮಾಧಾನವಿರಲಿಲ್ಲ, ಹಳ್ಳಿಯ ಹೆಂಗಸರ ಜೊತೆ ಬೆರೆಯಬೇಕಿತ್ತು. 1885ರಲ್ಲಿ ಒಳನಾಡಿನ ಪಿಂಗ್ಡುಗೆ ಹೋಗಿ ನೆಲೆಸಿದರು. ಪರದೇಶದ ಹೆಂಗಸನ್ನು ಕಂಡರೆ ಜನರಿಗೆ ಭಯ, ಮಕ್ಕಳು ‘ದೆವ್ವ’ ಅಂತ ಕೂಗುತ್ತಿದ್ದರು. ಲಾಟಿ ಕುಕೀಸ್ ಬೇಯಿಸಿ ಕೊಡತೊಡಗಿದರು. ಮೊದಲು ಮಕ್ಕಳು ಹತ್ತಿರ ಬಂದರು, ಹಿಂದೆಯೇ ತಾಯಂದಿರು. ಚೀನೀ ಉಡುಪು ತೊಟ್ಟರು, ಅವರ ಭಾಷೆಯಲ್ಲೇ ಮಾತಾಡಿದರು.

ಸುಮ್ನೆ ಸೇವೆ ಮಾಡಿಕೊಂಡು ಕೂತವರಲ್ಲ. ಸಹಾಯಕ್ಕೆ ಜನ ಕಳಿಸಿ ಅಂತ ತಾಯ್ನಾಡಿಗೆ ಪತ್ರದ ಮೇಲೆ ಪತ್ರ ಬರೆದರು. ಕ್ರಿಸ್ಮಸ್ ಸಮಯದಲ್ಲಿ ಹೆಂಗಸರೇ ಹಣ ಕೂಡಿಸಲಿ ಅನ್ನುವುದು ಅವರ ಸಲಹೆ. 1888ರಲ್ಲಿ 3,315 ಡಾಲರ್ ಸೇರಿತು. ಮೂವರು ಹೊಸ ಮಿಷನರಿಗಳನ್ನು ಕಳಿಸಲು ಅಷ್ಟು ಸಾಕಾಯಿತು. ನನ್ನ ಪ್ರಕಾರ ಅವರ ನಿಜವಾದ ಶಕ್ತಿ ಇದ್ದದ್ದು ಈ ಪತ್ರಗಳಲ್ಲೇ.

1912ರಲ್ಲಿ ಬಹಳ ನಿತ್ರಾಣರಾಗಿದ್ದ ಅವರನ್ನು ಊರಿಗೆ ಕರೆದೊಯ್ಯುವಾಗ, ಜಪಾನಿನ ಕೋಬೆ ಬಂದರಿನಲ್ಲಿ ಹಡಗಿನಲ್ಲೇ ಡಿಸೆಂಬರ್ 24ರಂದು ತೀರಿಕೊಂಡರು. ಬರಗಾಲದಲ್ಲಿ ತಮ್ಮ ಊಟವನ್ನೂ ಹಸಿದವರಿಗೆ ಕೊಟ್ಟು ಉಪವಾಸದಿಂದ ಸತ್ತರು ಅನ್ನುವ ಕಥೆ ಜಾಸ್ತಿ ಕೇಳಿಬರುತ್ತದೆ. ಎಲ್ಲ ಇತಿಹಾಸಕಾರರೂ ಅದನ್ನು ಒಪ್ಪುವುದಿಲ್ಲ. ಅವರ ಸಲಹೆಯಿಂದ ಶುರುವಾದ ಆ ಕ್ರಿಸ್ಮಸ್ ಕಾಣಿಕೆಗೆ ಅವರ ಹೆಸರು ಬಂದದ್ದು 1918ರಲ್ಲಿ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಚರ್ಚುಗಳು ಈಗಲೂ ಪ್ರತಿವರ್ಷ ಅದನ್ನು ಎತ್ತುತ್ತವೆ.